ಒಂದೂ ದೂರಿಲ್ಲದ ಕಚೇರಿ

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ನನ್ನ ಬಳಿ ಸಲಹೆಗೆ ಬಂದವರು ಸುಮಾರು 45 ವರ್ಷದ ಮಹಿಳೆ, 30 ಜನ ಸಿಬ್ಬಂದಿಯಿರುವ ಸೇವಾಸಂಸ್ಥೆಯೊಂದರ ನಿರ್ದೇಶಕಿ. ರಾತ್ರಿ ನಿದ್ರೆಯಿಲ್ಲ, ಬೆಳಗಾದರೆ ಕಚೇರಿಯ ನೆನಪಿಗೇ ಎದೆ ಭಾರವಾಗುತ್ತದೆ ಎಂದರು. ಆರು ತಿಂಗಳಲ್ಲಿ ನಾಲ್ವರು ಅನುಭವಿಗಳು ಕೆಲಸ ಬಿಟ್ಟಿದ್ದರು. ನಾಲ್ಕೂ ರಾಜೀನಾಮೆಗಳಲ್ಲಿ ಇದ್ದದ್ದು ‘ವೈಯಕ್ತಿಕ ಕಾರಣ’ ಎಂಬ ಎರಡೇ ಪದ. “ಎಲ್ಲರನ್ನೂ ಮನೆಯವರಂತೆ ನೋಡಿಕೊಂಡೆ. ಎರಡು ವರ್ಷದಿಂದ ಒಂದೂ ದೂರು ಬಂದಿಲ್ಲ. ಆದರೂ ಹೀಗೇಕೆ?” ಎಂದು ಕೇಳುವಾಗ ಅವರ ಕಣ್ಣು ತುಂಬಿತ್ತು.

ನಿದ್ರೆಯ ವಿಷಯಕ್ಕೆ ವೈದ್ಯರನ್ನು ಕಾಣಲು ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣವು ಇಂಥ ಬಳಲಿಕೆಯನ್ನು (ಬರ್ನ್‌ಔಟ್) ಕಾಯಿಲೆಯೆಂದು ಕರೆಯುವುದಿಲ್ಲ, ಸರಿಯಾಗಿ ನಿಭಾಯಿಸದೆ ಉಳಿದ ಕೆಲಸದ ಒತ್ತಡದ ಫಲವೆಂದು ಗುರುತಿಸುತ್ತದೆ. ಆದ್ದರಿಂದ ನಾನು ಅವರ ಕೆಲಸದ ದಿನವನ್ನೇ ಕೇಳಿದೆ.

ಎರಡನೆಯ ಭೇಟಿಯಲ್ಲಿ ವಿಷಯ ತೆರೆದುಕೊಂಡಿತು. ಸಿಬ್ಬಂದಿ ಬರೆದ ವರದಿಗಳನ್ನು ಅವರಿಗೆ ನೋವಾಗಬಾರದೆಂದು ರಾತ್ರಿ ತಾವೇ ಗುಟ್ಟಾಗಿ ತಿದ್ದುತ್ತಿದ್ದರು. ಯಾರಾದರೂ ತೊಂದರೆ ಹೇಳಿಕೊಂಡು ಬಂದರೆ ನಿರ್ದೇಶಕಿಯ ಉತ್ತರ ಯಾವಾಗಲೂ ಒಂದೇ: “ಚಿಂತೆ ಬೇಡ, ನಾನು ನೋಡಿಕೊಳ್ಳುತ್ತೇನೆ.” ಈ ಮಾತಿನಲ್ಲಿ ನಿಜವಾದ ಅಕ್ಕರೆಯಿದೆ, ಅದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಅದೇ ಮಾತು ಎದುರಿಗಿದ್ದವರ ಕೈಯಿಂದ ಕೆಲಸವನ್ನೂ, ತೀರ್ಮಾನವನ್ನೂ, ಕೊನೆಗೆ ಮಾತನ್ನೂ ಕಸಿದುಕೊಳ್ಳುತ್ತದೆ. ತಮ್ಮ ಕಷ್ಟವೆಲ್ಲ ಈಗಾಗಲೇ ಬಳಲಿರುವ ಒಬ್ಬರ ಹೆಗಲಿಗೇ ಬೀಳುತ್ತದೆಂದು ತಿಳಿದ ಮೇಲೆ, ಒಳ್ಳೆಯ ಮನಸ್ಸಿನವರೇ ಮೊದಲು ಬಾಯಿ ಮುಚ್ಚಿಕೊಳ್ಳುತ್ತಾರೆ.

ಕೆಲಸದ ತಂಡಗಳನ್ನು ಅಧ್ಯಯನ ಮಾಡುವ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳಲ್ಲಿ ಕಂಡದ್ದನ್ನು ಅವರಿಗೆ ಹೇಳಿದೆ. ಉತ್ತಮ ತಂಡಗಳಲ್ಲಿ ಔಷಧಿಯ ತಪ್ಪುಗಳು ಕಡಿಮೆ ದಾಖಲಾಗಿರುತ್ತವೆಂದು ಎಣಿಸಿದ್ದ ಎಡ್ಮಂಡ್‌ಸನ್‌ಗೆ ಹೆಚ್ಚೇ ಸಿಕ್ಕಿದವು. ಆ ತಂಡಗಳು ಹೆಚ್ಚು ತಪ್ಪುತ್ತಿದ್ದವೆಂದಲ್ಲ, ಅಲ್ಲಿನವರು ತಪ್ಪನ್ನು ಭಯವಿಲ್ಲದೆ ಹೇಳುತ್ತಿದ್ದರು ಎಂಬುದು ಅವರು ಕಂಡುಕೊಂಡ ವಿವರಣೆ. ನಿರ್ದೇಶಕಿ ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಆ ಎರಡು ವರ್ಷದ ಮೌನ…” ಎಂದು ನಿಲ್ಲಿಸಿದರು. ನಾನು ವಾಕ್ಯ ಮುಗಿಸಲಿಲ್ಲ.

ಕೊಟ್ಟ ಸಲಹೆ ಇಷ್ಟು. ರಾತ್ರಿಯ ತಿದ್ದುವಿಕೆಯನ್ನು ಪೂರ್ತಿ ನಿಲ್ಲಿಸಿ, ವರದಿಯ ಕೊರತೆಯನ್ನು ಬರೆದವರ ಜೊತೆಯಲ್ಲೇ ಕೂತು ಹಗಲಿನಲ್ಲಿ ಹೇಳಬೇಕು. ಪ್ರತಿಯೊಬ್ಬರಿಗೂ ತಿಂಗಳಿಗೊಮ್ಮೆ ಅರ್ಧ ಗಂಟೆ ಮೀಸಲಿಟ್ಟು, ನಿಮ್ಮ ಕೆಲಸಕ್ಕೆ ಅಡ್ಡಿಯಾಗಿರುವುದೇನು, ಅದರಲ್ಲಿ ನನ್ನ ಪಾಲೆಷ್ಟು ಎಂದು ಕೇಳಬೇಕು. ಆ ಅರ್ಧ ಗಂಟೆಯಲ್ಲಿ ಪರಿಹಾರ ಸೂಚಿಸಕೂಡದು. ಇದು ಅವರಿಗೆ ಅತಿ ಕಠಿಣವಾಗುತ್ತದೆಂದು ಮೊದಲೇ ಎಚ್ಚರಿಸಿದೆ. ಕೆಟ್ಟ ಸುದ್ದಿ ಬಂದಾಗ ‘ಯಾರು’ ಎನ್ನುವ ಮೊದಲು ‘ಏನಾಯಿತು’ ಎನ್ನಬೇಕು. ಸಿಬ್ಬಂದಿ ಸಭೆಯಲ್ಲಿ ತಮ್ಮದೊಂದು ತಪ್ಪನ್ನು ತಾವೇ ಮೊದಲು ಹೇಳಬೇಕು. ಕೆಲಸ ಬಿಟ್ಟವರನ್ನು ಮರಳಿ ಕರೆಯುವ ಯೋಚನೆಯನ್ನು ಮಾತ್ರ ಸದ್ಯಕ್ಕೆ ಬದಿಗಿಡಲು ತಿಳಿಸಿದೆ, ಏಕೆಂದರೆ ಅದು ಅವರ ನೋವಿಗೆ ಬೇಕಾದ ಔಷಧವಾಗಿತ್ತೇ ಹೊರತು ಹೋದವರ ಅಗತ್ಯವಾಗಿರಲಿಲ್ಲ.

ಐದನೆಯ ಭೇಟಿಗೆ ಬಂದಾಗ, ಕಿರಿಯ ನೌಕರರೊಬ್ಬರು ಹಿಂದಿನ ವರ್ಷದ ವರದಿಯಲ್ಲಿ ನಿರ್ದೇಶಕಿಯೇ ತಿದ್ದಿದ ಅಂಕಿಯೊಂದು ತಪ್ಪೆಂದು ತೋರಿಸಿದ್ದನ್ನು ಹೇಳಿದರು. “ಕೈ ನಡುಗುತ್ತಿತ್ತು. ‘ನಾನು ನೋಡಿಕೊಳ್ಳುತ್ತೇನೆ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ‘ಇದನ್ನು ಹೇಗೆ ಸರಿಪಡಿಸೋಣ, ನೀವೇ ಹೇಳಿ’ ಎಂದೆ.”