ಮುಂದೆ ನೋಡುವವರು ನಾಯಕರೊಬ್ಬರೇ

ವಾಯುಪಡೆಯ ಕಸರತ್ತು ತಂಡ ಸೂರ್ಯಕಿರಣದ ಒಂಬತ್ತು ವಿಮಾನಗಳು ಅಷ್ಟು ಹತ್ತಿರ ಹಾರಿದರೂ ತಾಗುವುದಿಲ್ಲವೇಕೆ, ಮಗನಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ನಾನೂ ಚಿಕ್ಕಬಳ್ಳಾಪುರದವನೇ, ಯಲಹಂಕ ವಾಯುನೆಲೆಯ ಬಳಿ ರಸ್ತೆಬದಿಯಲ್ಲಿ ಕತ್ತು ನೋಯುವವರೆಗೆ ನಿಂತು ನೋಡಿದ್ದೇನೆ.

ಗುಟ್ಟು ಇಷ್ಟೇ: ಸಾಲಿನಲ್ಲಿ ಹಾರುವಾಗ ದಾರಿ ನೋಡುವವರು ನಾಯಕರೊಬ್ಬರೇ. ಉಳಿದವರ ಕಣ್ಣು ಪಕ್ಕದ ವಿಮಾನದ ಮೇಲೆಯೇ. ಅದರ ರೆಕ್ಕೆಯ ಇಂತಹ ಗುರುತು ಇಂತಹ ಜಾಗಕ್ಕೆ ಸರಿಯಾಗಿ ಕಾಣಬೇಕು. ಕೂದಲೆಳೆಯಷ್ಟು ಸರಿದರೂ ಕೈ ತಿದ್ದುತ್ತಿರುತ್ತದೆ. ಭೂಮಿ ತಲೆಯ ಮೇಲಿದೆಯೋ ಕಾಲ ಕೆಳಗಿದೆಯೋ ಎಂಬ ಚಿಂತೆ ಅವರಿಗಿಲ್ಲ. ನಾಯಕರ ಮೇಲೆ ಅಂಥ ನಂಬಿಕೆ! ಸುತ್ತು ಹಾಕುವಾಗ ಮೈಮೇಲಿನ ಭಾರ ಐದು ಪಟ್ಟಾದರೆ 70 ಕಿಲೋ ಮನುಷ್ಯನಿಗೆ 350 ಕಿಲೋ ತೂಗಿದಂತಾಗುತ್ತದೆ. ರಕ್ತ ಕಾಲಿಗಿಳಿದು ಕಣ್ಣು ಕತ್ತಲೆ ಬರದಂತೆ ಹೊಟ್ಟೆ, ತೊಡೆ ಬಿಗಿಹಿಡಿಯಬೇಕು.

ಅಪಾಯವಿಲ್ಲವೆಂದು ಮಾತ್ರ ಹೇಳಬೇಡಿ. 2019ರ ಫೆಬ್ರುವರಿಯಲ್ಲಿ ಯಲಹಂಕದಲ್ಲೇ ತಾಲೀಮಿನ ವೇಳೆ ಇದೇ ತಂಡದ ಎರಡು ಹಾಕ್ ಜೆಟ್ ವಿಮಾನಗಳು ಡಿಕ್ಕಿಯಾಗಿ ಒಬ್ಬ ಪೈಲಟ್ ತೀರಿಕೊಂಡರು, ಇಬ್ಬರು ಹೊರಚಿಮ್ಮಿ ಬದುಕಿದರು. ಅದಾದ ಮೇಲೂ ಅದೇ ಆಕಾಶಕ್ಕೆ ತಂಡ ಮರಳಿತು. ನನ್ನ ಎದೆ ಝಲ್ಲೆನ್ನುವುದು ಅದಕ್ಕೇ.

ಮಗನ ಕಿವಿಗೆ ಹತ್ತಿ ಮರೆಯಬೇಡಿ.