ವಯಸ್ಸಾದ ತೋಳಿಗೂ ಕಣ ಬೇಕು

ನಮ್ಮ ಪತ್ರಿಕೆಯಲ್ಲಿ ಬಂದ ಬಾಕ್ಸಿಂಗ್ ಬರಹ ಓದಿ ಗೋಕಾಕದ ನಿವೃತ್ತ ಮಾಸ್ತರೊಬ್ಬರು ಪತ್ರ ಬರೆದಿದ್ದಾರೆ: "40ರ ಡೆರೆಕ್ ಚಿಸೋರ, 38ರ ಜೋ ಜಾಯ್ಸ್ ಬಡಿದಾಡಿದ್ದಕ್ಕೆ ಎರಡು ಪುಟ ಯಾಕೆ? ಪಟ್ಟವೂ ಪಣಕ್ಕಿರಲಿಲ್ಲ. ಇಂಥವರು ಇನ್ನು ಮನೆಯಲ್ಲಿ ಕೂಡಬೇಕು."

ಮಾಸ್ತರೇ, ನಿಮ್ಮ ಮಾತಲ್ಲಿ ಹುರುಳಿಲ್ಲ ಅನ್ನಲಾರೆ. 1980ರಲ್ಲಿ 38ರ ಮುಹಮ್ಮದ್ ಅಲಿ, ಲ್ಯಾರಿ ಹೋಮ್ಸ್ ಎದುರು ಹತ್ತು ಸುತ್ತು ಏಟು ತಿಂದರು. ಕೊನೆಗೆ ಅಲಿಯ ಗುರು ಏಂಜೆಲೊ ಡಂಡಿಯೇ ಪಂದ್ಯ ನಿಲ್ಲಿಸಿದರು. 1984ರಲ್ಲಿ ಅಲಿಗೆ ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆ ಇದೆ ಎಂದು ಗೊತ್ತಾಯಿತು. ತಲೆಗೆ ಬೀಳುವ ಏಟು ಸಣ್ಣದಲ್ಲ, ಒಪ್ಪಿದೆ.

ಆದರೆ 2024ರ ಜುಲೈ 27ರಂದು ಲಂಡನ್ನಿನಲ್ಲಿ ಆದದ್ದನ್ನು ನೋಡಿ. ಜಾಯ್ಸ್ ರಿಯೋ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದವರು, ಎತ್ತರದ ಆಳು. ಚಿಸೋರ ಅದಕ್ಕೂ ಮೊದಲು 13 ಪಂದ್ಯ ಸೋತವರು. ದೂರ ನಿಂತರೆ ಕೆಲಸ ಕೆಡುತ್ತದೆಂದು ಅವರಿಗೆ ಗೊತ್ತು. ತಲೆ ತಗ್ಗಿಸಿ ಒಳಗೆ ನುಗ್ಗಿದರು. ಒಂಬತ್ತನೇ ಸುತ್ತಿನಲ್ಲಿ ಜಾಯ್ಸ್ ನೆಲ ಕಂಡರು, ಎದ್ದು ಮತ್ತೆ ಆಡಿದರು. ಹತ್ತು ಸುತ್ತು ಮುಗಿದಾಗ ಮೂವರು ತೀರ್ಪುಗಾರರೂ ಚಿಸೋರ ಕಡೆ. ಹೆವಿವೇಟಿನಲ್ಲಿ, ಅಂದರೆ ಭಾರಿ ತೂಕದವರ ಬಾಕ್ಸಿಂಗಿನಲ್ಲಿ, ಮೊದಲು ಹೋಗುವುದು ಕಾಲಿನ ಚುರುಕು. ಏಟಿನ ತೂಕ ಕೊನೆವರೆಗೂ ಇರುತ್ತದೆ.

ಜಾರ್ಜ್ ಫೋರ್‌ಮನ್ ನೆನಪಿದ್ದಾರಲ್ವಾ? 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಅಲಿ ಎದುರು ವಿಶ್ವ ಹೆವಿವೇಟ್ ಪಟ್ಟ ಕಳೆದುಕೊಂಡರು. ಇಪ್ಪತ್ತು ವರ್ಷದ ಮೇಲೆ, 45ನೇ ವಯಸ್ಸಿನಲ್ಲಿ, ಸೋತ ದಿನ ತೊಟ್ಟಿದ್ದ ಅದೇ ಕೆಂಪು ಚಡ್ಡಿ ತೊಟ್ಟು ಮತ್ತೆ ಕಣಕ್ಕಿಳಿದರು. ಎದುರಿಗೆ ಪಟ್ಟ ಹಿಡಿದಿದ್ದ 26ರ ಮೈಕಲ್ ಮೂರರ್. ಒಂಬತ್ತು ಸುತ್ತು ಅಂಕದಲ್ಲಿ ಹಿಂದೆ. ಹತ್ತನೇ ಸುತ್ತಿನಲ್ಲಿ ಬಲಗೈ ಬಿತ್ತು, ಪಟ್ಟ ವಾಪಸ್ ಬಂತು. ಆ ರಾತ್ರಿ ಫೋರ್‌ಮನ್ ಮೂಲೆಯಲ್ಲಿ ನಿಂತು ಸಲಹೆ ಕೊಡುತ್ತಿದ್ದವರು ಡಂಡಿ. ಕಿನ್ಶಾಸಾದಲ್ಲಿ ಅಲಿಯ ಮೂಲೆಯಲ್ಲಿದ್ದ ಅದೇ ಡಂಡಿ!

ಚಿಕ್ಕವನಿದ್ದಾಗ ರಾಯಬಾಗ ಕಡೆಯ ಜಾತ್ರೆಯಲ್ಲಿ ಒಂದು ಕುಸ್ತಿ ನೋಡಿದ್ದೆ. ಐವತ್ತರ ಹತ್ತಿರದ ಪೈಲ್ವಾನರು, ಎದುರಿಗೆ ಮೀಸೆ ಮೂಡುತ್ತಿದ್ದ ಹುಡುಗ. ಹಲಗಿ ಬಾರಿಸುತ್ತಲೇ ಇತ್ತು. ಹಿರಿಯರು ಹುಡುಗನ ಕುತ್ತಿಗೆ ಮೇಲೆ ಒಂದು ಕೈ ಇಟ್ಟು ಸುಮ್ನೆ ನಿಂತರು. ಹುಡುಗ ಎಳೆದ, ತಳ್ಳಿದ, ಏದುಸಿರು ಬಿಟ್ಟ. ಅವನ ಎಡಗಾಲು ಒಂದು ಗೇಣು ಮುಂದೆ ಬಂದದ್ದೇ ತಡ, ಚಿತ್! ಹಿರಿಯರ ಬೆನ್ನಿಗೆ ಒಂದು ಚಿಟಿಕೆ ಕೆಂಪು ಮಣ್ಣೂ ತಾಗಿರಲಿಲ್ಲ.

ಇಂಥ ವಿದ್ಯೆಯನ್ನು ನಾವು ಮನೆಗೆ ಕಳಿಸುತ್ತಿದ್ದೇವೆ. ಗರಡಿಯಲ್ಲಷ್ಟೇ ಅಲ್ಲ, ಮಗ್ಗದ ಮನೆಯಲ್ಲಿ, ಬೆಲ್ಲದ ಗಾಣದಲ್ಲಿ, ಆಫೀಸಿನಲ್ಲಿ ಎಲ್ಲ ಕಡೆ. ವಯಸ್ಸಾಯಿತು ಅಂದರೆ ಮುಗಿಯಿತು. ನೀವು ಈಗಲೂ ಬೆಳಗ್ಗೆ ಮಕ್ಕಳಿಗೆ ಕಬಡ್ಡಿ ಹೇಳಿಕೊಡುತ್ತೀರೆಂದು ಪತ್ರದಲ್ಲೇ ಬರೆದಿದ್ದೀರಿ. ನಿಮ್ಮನ್ನೂ ಮನೆಯಲ್ಲಿ ಕೂಡಿ ಅಂದರೆ ಆ ಮಕ್ಕಳ ಗತಿ ಏನು?

ಮೊನ್ನೆ ನಮ್ಮ ಭಾಗದ ಒಂದು ಗರಡಿಗೆ ಹೋಗಿದ್ದೆ. ಮಜ್ಜಿಗೆ, ಎಣ್ಣೆ, ಅರಿಶಿಣ ಉಂಡ ಮಣ್ಣು ಕಲ್ಲಿನಂತೆ ಗಟ್ಟಿಯಾಗಿದೆ. ಅದರ ಮೇಲೆ ಗೊಬ್ಬರದ ಚೀಲ ಒಟ್ಟಿದ್ದಾರೆ. ಕುಸ್ತಿ ಕಲಿಸುವ ವಸ್ತಾದರು ಹೊರಗೆ ಕಟ್ಟೆ ಮೇಲೆ ಕೂತು, ದಾರಿಯಲ್ಲಿ ಹೋಗುತ್ತಿದ್ದ ಹುಡುಗನನ್ನು ಕರೆದು ಕಾಲು ಎಲ್ಲಿಡಬೇಕೆಂದು ತೋರಿಸುತ್ತಿದ್ದರು. ಮುಂದಿನ ಸಂಚಿಕೆಯಲ್ಲಿ ಅವರಿಗೂ ಎರಡು ಪುಟ ಇದೆ, ಮಾಸ್ತರೇ.