ಗೋಧಿಯ ಎಲೆ ತುಕ್ಕು ತಡೆಯಲು ಒಂದೇ ಒಂದು ಗಟ್ಟಿ ಜೀನ್ ಆರಿಸಬೇಕೆಂದರೆ ಯಾವುದು?

ಎಂ.ಎಸ್ಸಿ. ಕೆಲಸಕ್ಕೆ ಒಂದು ಚುಕ್ಕೆಯೂ ಬೀಳದ ಗೋಧಿ ಬೇಕು ಅಂತ ಬರೆದಿದ್ದೀರಿ. ನಾನೂ ಅದರ ಬೆನ್ನು ಹತ್ತಿದವನೇ.

ಧಾರವಾಡದ ಕಡೆ, ಹಿಂಗಾರಿನಲ್ಲಿ. ನನ್ನ ಕ್ರಾಸ್‌ನ ಒಂದು ತಳಿಯಲ್ಲಿ ಎಲ್‌ಆರ್ 26 ಇತ್ತು, ಇನ್ನೊಂದರಲ್ಲಿ ಎಲ್‌ಆರ್ 34; ಎರಡೂ ಎಲೆ ತುಕ್ಕು ತಡೆಯುವ ಜೀನ್‌ಗಳು. ಮೊದಲನೆಯದು ರೈ ಧಾನ್ಯದಿಂದ ಗೋಧಿಗೆ ಬಂದ ಜೀನ್. ಹೊಲದಲ್ಲಿರುವ ರೇಸ್, ಅಂದರೆ ತುಕ್ಕು ಶಿಲೀಂಧ್ರದ ಬಗೆ, ಅದಕ್ಕೆ ಸೋಲುವಂಥದ್ದಾದರೆ ಎಲೆ ಪೂರ್ತಿ ಚೊಕ್ಕ. ಎರಡನೆಯದು ನಿಧಾನದ್ದು. ತುಕ್ಕು ಬರುತ್ತದೆ, ಆದರೆ ತಡವಾಗಿ, ಕಡಿಮೆ, ಸಣ್ಣ ಸಣ್ಣ ಗುಳ್ಳೆಯಾಗಿ. ಸಸಿ ಇದ್ದಾಗ ಅದರ ಗುಣ ಕಾಣುವುದೇ ಕಷ್ಟ. ಗಿಡ ದೊಡ್ಡದಾಗಿ ಕೊನೆಯ ಎಲೆ ಬಂದ ಮೇಲೆ ಗೊತ್ತಾಗುತ್ತದೆ.

ಸುತ್ತ ತುಕ್ಕಿಗೆ ಸುಲಭವಾಗಿ ಬಲಿಯಾಗುವ ಆಗ್ರಾ ಲೋಕಲ್ ತಳಿಯ ಸಾಲು ಹಾಕಿ ತುಕ್ಕು ಹಬ್ಬಿಸಿದೆ. ಎಫ್2ನಲ್ಲಿ, ಅಂದರೆ ಕ್ರಾಸ್‌ನ ಎರಡನೇ ಪೀಳಿಗೆಯಲ್ಲಿ, ಮುಕ್ಕಾಲು ಪಾಲು ಗಿಡ ಚೊಕ್ಕ ಇದ್ದವು. ಅದು ಎಲ್‌ಆರ್ 26ರ ಕೆಲಸ. ಅದರ ಮರೆಯಲ್ಲಿ ಯಾವ ಗಿಡದಲ್ಲಿ 34 ಇದೆ, ಯಾವುದರಲ್ಲಿ ಇಲ್ಲ ಅನ್ನೋದು ತುಕ್ಕು ನೋಡಿ ತಿಳಿಯುವ ಹಾಗೇ ಇರಲಿಲ್ಲ. ಸ್ವಲ್ಪ ಗುಳ್ಳೆ ಇದ್ದ ಗಿಡಗಳನ್ನು ಕಿತ್ತು ಹಾಕಿದೆ. ನಿಧಾನದ ಜೀನ್ ಕಣ್ಣಿಗೆ ಕಾಣುತ್ತಿದ್ದದ್ದು ಅವುಗಳಲ್ಲೇ. ಅಷ್ಟಕ್ಕೇ ನಿಲ್ಲಿಸಿದ್ದರೆ ಬದುಕುತ್ತಿದ್ದೆ. ಚೊಕ್ಕ ಗಿಡಗಳಲ್ಲೂ ಕೆಲವಕ್ಕೆ ಎಲೆಯ ತುದಿ ಒಣಗಿತ್ತು. ನೀರು ಸಾಲದೆ ಹಾಗಾಗಿದೆ, ಬಲವಿಲ್ಲದ ಗಿಡ ಅಂದುಕೊಂಡು ಅವನ್ನೂ ಬಿಟ್ಟೆ. ಹಾಗೆ ತುದಿ ಒಣಗುವುದು ಎಲ್‌ಆರ್ 34ರ ಗುರುತು! ಅಂದರೆ ಸುಮ್ನೆ ಕಳೆದುಕೊಂಡದ್ದಲ್ಲ, ಪ್ರತಿ ಪೀಳಿಗೆಯಲ್ಲೂ ಹುಡುಕಿ ಹುಡುಕಿ ತೆಗೆದಿದ್ದೆ. ಪಠ್ಯದಲ್ಲಿ ಓದಿದ್ದೆ, ಹೊಲದಲ್ಲಿ ನೆನಪಾಗಲಿಲ್ಲ.

ಕೊನೆಗೆ ಕೈಯಲ್ಲಿ ಉಳಿದದ್ದು ಬರೀ 26. ಅದನ್ನು ಮುರಿಯುವ ರೇಸ್‌ಗಳು 77 ಅನ್ನೋ ರೇಸ್ ಗುಂಪಿನಲ್ಲಿ ಬೇಕಾದಷ್ಟಿವೆ. ಅವು ಬಂದ ವರ್ಷ ನನ್ನ ಸಾಲಿಗೂ ಆಗ್ರಾ ಲೋಕಲ್‌ಗೂ ವ್ಯತ್ಯಾಸ ಕಾಣಲಿಲ್ಲ. ವರ್ಷಗಳ ಬೀಜ ಚೀಲದಲ್ಲೇ ಉಳಿಯಿತು.

ಹಾಗಾಗಿ ‘ಯಾವ ಜೀನ್’ ಅನ್ನೋ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಒಂಟಿ ಗಟ್ಟಿ ಜೀನ್ ಬೇಡ. ಗೋಧಿಯ ಇನ್ನೊಂದು ರೋಗವಾದ ಹಳದಿ ತುಕ್ಕಿನ ಕಥೆಯೂ ಇದೇ. ಪಿಬಿಡಬ್ಲ್ಯು 343 ತಳಿ 1995ರಲ್ಲಿ ಬಂತು, ಪಂಜಾಬಿನ ಹೊಲಗಳನ್ನೆಲ್ಲ ತುಂಬಿತು, ಹಳದಿ ತುಕ್ಕಿನ 78ಎಸ್84 ರೇಸ್ ಬಂದ ಮೇಲೆ ರೋಗಕ್ಕೆ ಸೋತಿತು. ಎಲ್‌ಆರ್ 34 ದಶಕಗಳಿಂದ ಲೋಕದ ಎಷ್ಟೋ ಕಡೆ ಬೆಳೆಯಲ್ಲಿದ್ದರೂ ಮುರಿದಿಲ್ಲ. ಹಳದಿ ತುಕ್ಕು, ಬೂದಿ ರೋಗಗಳನ್ನೂ ಅದು ಅಷ್ಟಿಷ್ಟು ತಡೆಯುತ್ತದೆ. ಒಂದೇ ಇದ್ದರೆ ಸಾಲದು ನಿಜ. ಜೊತೆಗೆ ಎಲ್‌ಆರ್ 46, 67 ಥರದ ನಿಧಾನದವನ್ನು ಸೇರಿಸಿ. ನಾಲ್ಕೈದು ಕೂಡಿದರೆ ಎಲೆ ಹೆಚ್ಚುಕಡಿಮೆ ಚೊಕ್ಕವೇ ಇರುತ್ತದೆ.

ಎಫ್2ನಲ್ಲಿ ತೀರಾ ಕೆಟ್ಟದ್ದನ್ನು ಮಾತ್ರ ಕೀಳಿ. ಗಿಡದಲ್ಲಿ ಜೀನ್ ಇದೆಯೇ ಅಂತ ತೋರಿಸುವ ಡಿಎನ್‌ಎ ಮಾರ್ಕರ್ ಬಳಸಿ, ಆದರೆ ಅದನ್ನೇ ನಂಬಿ ಕೂರಬೇಡಿ. ಸಾಧ್ಯವಾದರೆ ಮಳೆಗಾಲದಲ್ಲಿ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ಒಂದು ಪೀಳಿಗೆ ಬೆಳೆಸಿ. ಅಲ್ಲಿ ತುಕ್ಕು ವರ್ಷವಿಡೀ ಇರುತ್ತದೆ, ನಮ್ಮ ಕಡೆಗೆ ಬೀಜಕಣ ಬರುವುದೂ ಅಲ್ಲಿಂದಲೇ. ಇನ್ನೊಂದು, ಒಂದೇ ದಿನ ನೋಡಿ ಅಂಕ ಕೊಡಬೇಡಿ. ವಾರಕ್ಕೊಮ್ಮೆ ನೋಡಿ ತುಕ್ಕು ಎಷ್ಟು ಬೇಗ ಏರುತ್ತಿದೆ ಅಂತ ಬರೆದಿಡಿ. ಚಿಕ್ಕ ಪ್ಲಾಟ್ ಆದರೆ ಪಕ್ಕದ ರೋಗದ ಸಾಲಿನಿಂದ ಬೀಜಕಣ ಸುರಿದು ಒಳ್ಳೆಯ ಗಿಡವೂ ಕೆಟ್ಟದಾಗಿ ಕಾಣುತ್ತದೆ. ‘ಇದರಲ್ಲಿ ತುಕ್ಕು ಇದೆಯಲ್ಲ’ ಅಂತ ಗೈಡ್ ಕೇಳೇ ಕೇಳುತ್ತಾರೆ. ಆ ವಾರವಾರದ ಲೆಕ್ಕ ಅವರ ಮುಂದಿಡಿ.